ಬಾಗಿಲಿಗೇ ಬರುವ ಬಸ್ಸು

ನಾದಿನಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಕೈಯಲ್ಲಿದ್ದ ಪೆಟ್ಟಿಗೆಯನ್ನು ಹೊಸ್ತಿಲ ಮೇಲಿಟ್ಟು, ಬೀದಿ ಕಡೆಯ ಕೋಣೆಯೊಳಗೆ ತಲೆ ತೂರಿಸಿ, "ಈ ಮೇಜೇ ಅರ್ಧ ರೂಮು ತಿಂದಿದೆಯಲ್ಲ ಅತ್ತಿಗೆ. ಇದನ್ನ ತೆಗೆದ್ರೆ ನನ್ನ ಮಂಚ ಆರಾಮಾಗಿ ಹಿಡಿಸತ್ತೆ" ಅಂದಳು. ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಅದು ಆಮೇಲೆ ಆರಲೇ ಇಲ್ಲ.

ಬಾಗಿಲು ಹಾಕಿದ ಯಾವುದೋ ಹೊಲಿಗೆ ಅಂಗಡಿಯಿಂದ ಬಂದ ಮೇಜು ಅದು. ಕಾಲು ಬಿಚ್ಚಿ, ಕಿಟಕಿಯ ಸರಳು ಕಳಚಿ ಅದನ್ನು ಒಳಗೆ ತಂದಿದ್ದರು. ಅಂಚಿನುದ್ದಕ್ಕೂ ಹಿತ್ತಾಳೆಯ ಅಳತೆಪಟ್ಟಿ ಬಡಿದಿತ್ತು. ಮೇಜಿನ ಎದುರಿಗೇ ಕಿಟಕಿ. ಬೆಳಿಗ್ಗೆ ಆಫೀಸಿಗೆ ಹೋಗುವವರು ಗಾಜಿನ ಮೇಲೆ ಬೆರಳ ಗಿಣ್ಣಿನಿಂದ ಬಡಿದು, ಉದ್ದವಾದ ಪ್ಯಾಂಟು, ಜಿಪ್ಪು ಹೋದ ಕೋಟು ಒಳಗೆ ದಾಟಿಸಿ, ಸಂಜೆ ಅದೇ ಕಿಟಕಿಯಲ್ಲಿ ವಾಪಸು ಪಡೆಯುತ್ತಿದ್ದರು. ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಕೂಡ ಕಾಣಿಸುವಷ್ಟು ಬೆಳಕು. ಬೀದಿಯವರೆಲ್ಲ ಅವಳ ಹೆಸರು ಮರೆತು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೂ ಅದೇ ಹಿತವಾಗಿತ್ತು. ಮದುವೆಯಾಗಿ ಬಂದಮೇಲೆ ಯಾರ ಹಂಗೂ ಇಲ್ಲದೆ ಅವಳು ಕಟ್ಟಿಕೊಂಡದ್ದು ಅದೊಂದು ಕೋಣೆ.

ಗಂಡ ಲಿಫ್ಟ್ ರಿಪೇರಿಯವನು. ಕಂಪನಿಯ ವ್ಯಾನು ಬಂದು ಎತ್ತಿಕೊಂಡು ಹೋಗುತ್ತಿತ್ತು, ತಂದು ಬಿಡುತ್ತಿತ್ತು. ಹಾಗಾಗಿ ಆ ದೊಡ್ಡ ಊರಿನ ಯಾವ ಮೂಲೆಯೂ ಅವನಿಗೆ ದೂರವಲ್ಲ. ಒಳ್ಳೆಯವನು. ಹೆಂಡತಿಗೂ ಹೂಂ, ತಂಗಿಗೂ ಹೂಂ. ಇಂಥ ಒಳ್ಳೆಯವರ ಜೊತೆ ಸಂಸಾರ ಮಾಡಿದವರಿಗೇ ಅದರ ಕಷ್ಟ ಗೊತ್ತು. ತಂಗಿ ಕಾನೂನು ಓದಲು ಬಂದಿದ್ದಾಳೆ, ಕಾಲೇಜು ಶುರುವಾಗುವುದರೊಳಗೆ ಎಲ್ಲಾದರೂ ಒಂದು ರೂಮು ನೋಡೋಣ, ಸಿಗದಿದ್ದರೆ ಇಲ್ಲೇ ಇರಲಿ, ಮೇಜನ್ನು ಹಿತ್ತಿಲಿಗೆ ಹಾಕಿದರಾಯಿತು ಎಂದ. ಹಿತ್ತಿಲಲ್ಲಿ ಬಿಸಿಲು, ಮಳೆ, ಪಕ್ಕದ ಮನೆಯ ಬೆಕ್ಕುಗಳು. ಟೈಲರಮ್ಮ ಹಲ್ಲು ಕಚ್ಚಿಕೊಂಡು, ರೂಮು ಹುಡುಕುವ ಕೆಲಸ ನನಗೆ ಬಿಡಿ ಎಂದಳು.

ಅವಳ ಲೆಕ್ಕ ಸರಳ. ನಾದಿನಿ ಹತ್ತಿರದಲ್ಲಿದ್ದರೆ ಊಟಕ್ಕೆ ಬರುತ್ತಾಳೆ, ಊಟಕ್ಕೆ ಬಂದವಳು ನಿದ್ದೆಗೆ ಉಳಿಯುತ್ತಾಳೆ, ಒಂದು ದಿನ ಪೆಟ್ಟಿಗೆ ಮತ್ತೆ ಹೊಸ್ತಿಲ ಮೇಲಿರುತ್ತದೆ. ಆದ್ದರಿಂದ ದೂರ ಹೋಗಬೇಕು. ನಾದಿನಿಯ ಲೆಕ್ಕ ಅದರ ತದ್ವಿರುದ್ಧ: ಕಾಲೇಜಿಗೆ ನಡೆದು ಹೋಗುವಂತಿರಬೇಕು, ಅಣ್ಣನ ಮನೆಯ ಅಡಿಗೆಯ ಪರಿಮಳ ಮೂಗಿಗೆ ಬಡಿಯುವಂತಿರಬೇಕು. ಟೈಲರಮ್ಮ ಅವಳಿಗೆ ಮನಸ್ಸಿನಲ್ಲೇ ಲಾಯರಮ್ಮ ಎಂದು ಹೆಸರಿಟ್ಟಳು.

ಮೊದಲು ಕಾಲೇಜಿನ ಹಿಂದಿನ ಓಣಿ. ಕೆಳಗೆ ವೆಲ್ಡಿಂಗ್ ಅಂಗಡಿ, ಮೇಲೆ ರೂಮು. ಲಾಯರಮ್ಮನಿಗೆ ಅದು ಹಿಡಿಸಿತು. ಟೈಲರಮ್ಮ ಮೂಗು ಮುರಿದು, ಈ ಕಿಡಿಗೆ ಕಣ್ಣು ಹೋದರೆ ಜಡ್ಜಿನ ಮುಖ ಹೇಗೆ ನೋಡುತ್ತೀಯ ಎಂದು ಕೈಹಿಡಿದು ಇಳಿಸಿಕೊಂಡು ಬಂದಳು. ಎರಡನೆಯದು ಒಬ್ಬ ಅಜ್ಜಿಯ ಮನೆ, ಬಾಗಿಲಿಗೆ ಮೂರು ಬೀಗ. ಅಲ್ಲಿ ಟೈಲರಮ್ಮ ಬಾಯಿ ಬಿಡುವ ಪ್ರಮೇಯವೇ ಬರಲಿಲ್ಲ. ನಲ್ಲಿ ಸೋರಿದರೆ ರಿಪೇರಿ ಯಾರದು, ಗೆಳತಿಯರು ಬರಬಾರದೆಂದು ಎಲ್ಲಿ ಬರೆದಿದೆ ಎಂದು ಲಾಯರಮ್ಮ ಪಾಟೀಸವಾಲಿಗೆ ಇಳಿದಳು. ಮನೆ ಬಾಡಿಗೆಗೆ ಇಲ್ಲವೇ ಇಲ್ಲ ಎಂದು ಅಜ್ಜಿ ಮೂರೂ ಬೀಗ ಹಾಕಿಕೊಂಡಳು.

ಮೂರನೆಯದು ಓದುವ ಹುಡುಗಿಯರಿಗೆಂದೇ ಕಟ್ಟಿದ ಕಟ್ಟಡ, ಮನೆಯಿಂದ ಎರಡೇ ಬೀದಿ ಆಚೆ. ಎಲ್ಲವೂ ಸರಿಯಿತ್ತು, ಅದೇ ತೊಂದರೆ. ಲಾಯರಮ್ಮ ರೂಮು ನೋಡಲು ಮೇಲೆ ಹೋದಾಗ, ಹುಡುಗಿ ನಿದ್ದೆಯಲ್ಲಿ ಕಿರುಚುತ್ತಾಳೆ, ಅದಕ್ಕೇ ಮನೆಯಲ್ಲಿ ಇಟ್ಟುಕೊಳ್ಳಲಾಗುತ್ತಿಲ್ಲ ಎಂದು ಟೈಲರಮ್ಮ ಮೇಲ್ವಿಚಾರಕಿಯ ಕಿವಿಯಲ್ಲಿ ಉಸುರಿದಳು. ಮೇಲ್ವಿಚಾರಕಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವಂಥದ್ದಲ್ಲ. ಹುಡುಗಿ ಇಳಿದು ಬರುತ್ತಲೇ, ಡಾಕ್ಟರಿಗೆ ತೋರಿಸಿಕೊಂಡೆಯಾ ತಾಯಿ ಎಂದು ಕೇಳಿಯೇಬಿಟ್ಟಳು. ಲಾಯರಮ್ಮ ಅತ್ತಿಗೆಯ ಮುಖವನ್ನೊಮ್ಮೆ ನೋಡಿದಳು. ಆ ರೂಮೂ ಕೈತಪ್ಪಿತು.

ಟೈಲರಮ್ಮನಿಗೆ ನಾಚಿಕೆಯಾಯಿತೇ? ಆಯಿತು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ, ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟ ಯಾರದೋ ಕೋಟಿನ ಮೇಲೆ, ಕಾನೂನಿನ ದಪ್ಪ ಪುಸ್ತಕಗಳು ಕೂತಿದ್ದವು. ನಾಚಿಕೆ ಅಲ್ಲಿಗೆ ಮುಗಿಯಿತು.

ಊರು ಮುಗಿಯುವಲ್ಲಿ ಒಂದು ಏರಿಯಾ ಇತ್ತು. ಗುಂಡಿ ತರಲು ಸಗಟು ಅಂಗಡಿಗೆ ಹೋದಾಗ ಅವಳು ಅದನ್ನು ನೋಡಿದ್ದಳು. ಎರಡು ಬಸ್ಸು ಬದಲಾಯಿಸಿ, ಆಮೇಲೆ ಲಾರಿಗಳ ಧೂಳಿನಲ್ಲಿ ಒಂದಿಷ್ಟು ನಡೆಯಬೇಕು. ನಡುವೆ ಒಂದು ಅಂಟಿನ ಕಾರ್ಖಾನೆ. ಅದು ನಡೆಯುವ ದಿನ ಬರುವ ವಾಸನೆಗೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತದೆ. ಟೈಲರಮ್ಮ ಭಾನುವಾರವನ್ನೇ ಆರಿಸಿದಳು. ಗಂಡನ ಹೂಂ ಕೂಡ ಅಲ್ಲೇ ಆಗಿಬಿಡಲಿ ಎಂದು ಅವನನ್ನೂ ಹೊರಡಿಸಿದಳು. ಅವನು ಕಂಪನಿಯ ವ್ಯಾನು ಕೇಳಿ ತಂದ.

ಭಾನುವಾರ ಆ ಬೀದಿ ಸಾಧುವಾಗಿ ಮಲಗಿತ್ತು. ಲಾರಿಯಿಲ್ಲ, ಹೊಗೆಯಿಲ್ಲ, ಸಾಲಾಗಿ ನಾಲ್ಕು ಮರ ಬೇರೆ. ಟೈಲರಮ್ಮ ಹೊಗಳಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ಎಂಥ ಗಾಳಿ, ಎಂಥ ನೀರು, ಸೂಜಿ ಬಿದ್ದರೆ ಕೇಳಿಸುತ್ತದೆ, ಓದುವವರಿಗೆ ಹೇಳಿ ಮಾಡಿಸಿದ ಜಾಗ ಎಂದಳು. ಕಾಲೇಜಿಗೆ ದೂರವಾಗುವುದಿಲ್ಲವೇ ಎಂದು ಗಂಡ ಕೇಳಿದ.

"ಎಲ್ಲಿಯ ದೂರ ರೀ? ಒಂದೇ ಬಸ್ಸು. ಬಾಗಿಲಿಗೇ ಬರತ್ತೆ" ಅಂದಳು.

ಲಾಯರಮ್ಮ ಮರಗಳ ಆಚೆಗಿದ್ದ ಚಿಮಣಿಯನ್ನು ನೋಡುತ್ತಿದ್ದಳು. ಅದು ಯಾವುದರದ್ದೆಂದು, ರೂಮು ತೋರಿಸಲು ಬಂದಿದ್ದ ಮನೆಯ ಯಜಮಾನನನ್ನು ಕೇಳಿದಳು. ಆತ ಒಮ್ಮೆ ಕೆಮ್ಮಿ, ಏನೋ ಒಂದು ಸಣ್ಣ ಕಾರ್ಖಾನೆ, ಇವತ್ತು ರಜಾ ಎಂದ. ರಜಾ ಎಂಬ ಮಾತಿಗೆ ಅವಳ ಕಣ್ಣು ಅತ್ತಿಗೆಯ ಕಡೆ ಹೊರಳಿತು. ಆಮೇಲೆ ಅವಳು ನಕ್ಕಳು.

"ಅತ್ತಿಗೆ ಹೇಳೋದು ನಿಜ ಅಣ್ಣ. ಇಂಥ ಜಾಗದಲ್ಲಿ ನಾನೊಬ್ಬಳೇ ಇದ್ರೆ ಸ್ವಾರ್ಥ ಆಗತ್ತೆ. ಮೇಲ್ಗಡೆ ಮೂರು ರೂಮಿನ ಮನೆ ಖಾಲಿ ಇದೆಯಂತೆ. ಎಲ್ಲರೂ ಒಟ್ಟಿಗೇ ಬಂದುಬಿಡೋಣ. ಅತ್ತಿಗೆಗೂ ಬೇರೆ ರೂಮು ಸಿಗತ್ತೆ."

ಗಂಡನ ಮುಖ ಅರಳಿತು. ಹೆಂಡತಿಗೂ ತಂಗಿಗೂ ಒಂದೇ ಉಸಿರಿನಲ್ಲಿ ಹೂಂ ಅನ್ನುವ ಅವಕಾಶ ಅವನಿಗೆ ಆವರೆಗೆ ಸಿಕ್ಕಿರಲಿಲ್ಲ. ಟೈಲರಮ್ಮನ ನಾಲಿಗೆಯ ತುದಿಗೆ ನಿಜ ಬಂತು. ಹೇಳುವುದು ಹೇಗೆ? ಇಲ್ಲಿ ಗಬ್ಬು ವಾಸನೆ ಎಂದರೆ, ಗೊತ್ತಿದ್ದೂ ನನ್ನ ತಂಗಿಯನ್ನು ಇಲ್ಲಿಗೆ ಕರೆತಂದೆಯಾ ಎಂದು ಅವನು ಕೇಳುತ್ತಾನೆ. ಅಷ್ಟರಲ್ಲಿ ಅವನು ಯಜಮಾನನ ಕೈ ಕುಲುಕಿ ಆಗಿತ್ತು.

ಸಾಮಾನು ಸಾಗಿಸಿದ ದಿನ ಮೇಜು ಹೊಸ ಮನೆಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಕಾಲು ಬಿಚ್ಚಿದರು, ಹೀಗೆ ಹಿಡಿದರು, ಹಾಗೆ ಹಿಡಿದರು, ಗೋಡೆಯ ಗಾರೆ ಉದುರಿತು. ಕೊನೆಗೆ ಅದನ್ನು ಅದೇ ಲಾರಿಯಲ್ಲಿ ಹಳೇ ಮನೆಗೆ ವಾಪಸು ಕಳಿಸಿದರು. ಆ ಮನೆಯ ಯಜಮಾನ ಇರಲಿ ಬಿಡಿ, ರೂಮುಗಳನ್ನು ಬೇರೆಬೇರೆ ಮಾಡಿ ಓದುವವರಿಗೆ ಕೊಡುತ್ತೇನೆ, ಅವರಿಗೆ ಮೇಜು ಬೇಕಾಗುತ್ತದೆ ಎಂದನಂತೆ. ಗಂಡ ಇದನ್ನು ಒಳ್ಳೆಯ ಸುದ್ದಿಯೆಂಬಂತೆ ತಂದು ಹೇಳಿದ.

ಸೋಮವಾರ ಚಿಮಣಿ ಹೊಗೆ ಬಿಟ್ಟಿತು. ಏನೋ ವಾಸನೆ ಅಲ್ಲವೇ ಎಂದು ಗಂಡ ಮೂಗರಳಿಸಿದ. ನನಗೇನೂ ಬರುತ್ತಿಲ್ಲ ಎಂದು ಟೈಲರಮ್ಮ ಹೇಳಿ, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಅವಳ ಪಾಲಿಗೆ ಬಂದ ರೂಮು ದೊಡ್ಡದೇ. ಅದರ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರ ಇನ್ನೊಂದು ಮನೆಯ ಗೋಡೆ. ಮಿಷನ್ನಿನ ಮುಂದೆ ಹಗಲಲ್ಲೂ ದೀಪ ಹಾಕಿ ಕೂತಳು. ಪ್ಯಾಂಟು ಹಿಡಿದುಕೊಂಡು ಮೂರನೇ ಮಹಡಿ ಹತ್ತುವವರು ಯಾರು? ಒಬ್ಬರೂ ಬರಲಿಲ್ಲ. ಒಳ್ಳೆ ಕೈಗುಣ ಇದ್ದರೆ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾರೆ ಎಂದು ಗಂಡ ಸಮಾಧಾನ ಹೇಳಿದ. ಆ ಸಮಾಧಾನ ಕೇಳಿದಾಗೆಲ್ಲ ಅವಳಿಗೆ ಕತ್ತರಿ ಎಸೆಯಬೇಕೆನ್ನಿಸುತ್ತಿತ್ತು.

ತಿಂಗಳು ತುಂಬುವುದರೊಳಗೆ ಲಾಯರಮ್ಮ ಪೆಟ್ಟಿಗೆ ಕಟ್ಟಿದಳು. ಓದುವುದು ಬಹಳ ಇದೆ, ಓಡಾಟದಲ್ಲೇ ದಿನ ಹೋಗುತ್ತದೆ, ಕಾಲೇಜಿನ ಪಕ್ಕ ಒಂದು ರೂಮು ಸಿಕ್ಕಿದೆ ಎಂದಳು. ಯಾವ ರೂಮು ಎಂದು ಟೈಲರಮ್ಮ ಕೇಳಲಿಲ್ಲ. ಪೆಟ್ಟಿಗೆ ಇಳಿಸಿ ಬಂದ ಗಂಡನೇ ಹೇಳಿದ: ನಮ್ಮ ಹಳೇ ಮನೆಯಲ್ಲೇ ಕಣೇ, ನಿನ್ನ ಬೀದಿ ಕಡೆಯ ಕೋಣೆ, ಮೇಜೂ ಅಲ್ಲೇ ಇದೆ, ಎಂಥ ಅದೃಷ್ಟ ನೋಡು. ಟೈಲರಮ್ಮ ಎದ್ದು ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಎಷ್ಟೋ ದಿನ ಕುದ್ದಳು. ಆಮೇಲೆ ಒಂದು ಯೋಚನೆ ಬಂತು. ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಕಾಲೇಜಿನಲ್ಲಿರುತ್ತಾಳೆ, ಕೋಣೆ ಖಾಲಿ. ಆ ಹೊತ್ತು ನಾನು ಅಲ್ಲಿ ಕೂತರೆ ಯಾರ ಗಂಟು ಹೋಗುತ್ತದೆ? ಕೇಳಬೇಕು, ಕೇಳುವುದಷ್ಟೇ. ಬೆಳಿಗ್ಗೆ ಎದ್ದು ಧೂಳಿನಲ್ಲಿ ನಡೆದಳು, ಒಂದು ಬಸ್ಸು ಹತ್ತಿದಳು, ಇಳಿದು ಇನ್ನೊಂದಕ್ಕೆ ಕಾದಳು. ಹಳೇ ಬೀದಿ ಮುಟ್ಟಿದಾಗ ಆಫೀಸಿನವರು ಹೋಗುತ್ತಿದ್ದರು. ಒಬ್ಬ ಅವಳನ್ನು ಗುರುತು ಹಿಡಿದು, ಎಲ್ಲಿ ಹೋದಿರಿ ಟೈಲರಮ್ಮ, ನನ್ನ ಕೋಟು ಹಾಗೇ ಬಿದ್ದಿದೆ ಎಂದ. ನಾಳೆ ತನ್ನಿ, ಇದೇ ಕಿಟಕಿಗೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟಳು.

ಕಿಟಕಿಯ ಗಾಜನ್ನು ಬೆರಳ ಗಿಣ್ಣಿನಿಂದ ಬಡಿದಳು. ಹೊರಗೆ ನಿಂತು ಅದನ್ನು ಬಡಿದದ್ದು ಜೀವಮಾನದಲ್ಲಿ ಅದೇ ಮೊದಲು. ಲಾಯರಮ್ಮ ತೆರೆದಳು. ಮೇಜಿನ ಮೇಲೆ ಪುಸ್ತಕ, ಚಹಾದ ಲೋಟ, ಬಾಚಣಿಗೆ. ಅಂಚಿನಲ್ಲಿ ಹಿತ್ತಾಳೆಯ ಪಟ್ಟಿ ಹಾಗೇ ಹೊಳೆಯುತ್ತಿತ್ತು. ಅತ್ತಿಗೆಯ ಕಣ್ಣು ಎಲ್ಲಿ ನಿಂತಿತೆಂದು ಹುಡುಗಿ ನೋಡಿದಳು. ಕಾನೂನು ಓದುವವಳು, ಮುಂದಿನದನ್ನು ಹೇಳಿಸಿಕೊಳ್ಳಬೇಕಾಗಲಿಲ್ಲ. ಒಳಗೆ ಹೋಗಿ ಬೀಗದ ಕೈ ತಂದು ಕಿಟಕಿಯ ಅಂಚಿನ ಮೇಲಿಟ್ಟಳು, ಅದರ ಮೇಲೆ ಒಂದು ಬೆರಳಿಟ್ಟಳು.

"ನಾನು ಸಂಜೆವರೆಗೂ ಇರಲ್ಲ. ನೀವು ದಿನಾ ಬಂದು ಹೊಲೀಬಹುದು, ನಂದೇನೂ ಅಡ್ಡಿಯಿಲ್ಲ. ಒಂದು ಮಾತು ಮಾತ್ರ ಹೇಳಿ ಅತ್ತಿಗೆ. ಅಣ್ಣನ ಮುಂದೆ ಬೇಡ, ನನಗೊಬ್ಬಳಿಗೇ ಹೇಳಿ ಸಾಕು. ಇಲ್ಲಿಗೆ ಎಷ್ಟು ಬಸ್ಸು?"

ಟೈಲರಮ್ಮ ಬೀಗದ ಕೈಯನ್ನು ನೋಡಿದಳು. ಚಪ್ಪಲಿಯ ಮೇಲೆ ಬೆರಳು ದಪ್ಪ ಧೂಳು, ಕೂದಲಲ್ಲಿ ಅಂಟಿನ ವಾಸನೆ, ಒಂದು ಈ ಹುಡುಗಿಯ ಕಣ್ಣಿಗೆ ಕಾಣುತ್ತಿದೆ, ಇನ್ನೊಂದು ಮೂಗಿಗೆ ಬಡಿಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಎರಡು ಎಂದರೆ ಸಾಕು, ಬೆರಳು ಪಕ್ಕಕ್ಕೆ ಸರಿಯುತ್ತದೆ, ನಾಳೆ ಆ ಕೋಟು ಈ ಮೇಜಿನ ಮೇಲಿರುತ್ತದೆ.

"ಒಂದೇ" ಅಂದಳು. "ಬಾಗಿಲಿಗೇ ಬರತ್ತೆ."

ಲಾಯರಮ್ಮ ಬೀಗದ ಕೈಯನ್ನು ಎತ್ತಿಕೊಂಡು, ಹಾಗಾದರೆ ಒಳ್ಳೆಯದಾಯಿತು ಎಂದು ಕಿಟಕಿ ಹಾಕಿಕೊಂಡಳು. ಟೈಲರಮ್ಮ ಮೊದಲನೇ ಬಸ್ಸು ಹಿಡಿಯಲು ಹೊರಟಳು.