ಒಂದು ಬಡಿತದ ಬಿಡುವು

ಇನ್ನೂರ ಹನ್ನೆರಡು ಸಂಜೆಗಳಿಂದ ಗಡಿಯಾರದವನ ಮನೆಯ ಬಾಗಿಲನ್ನು ತೆರೆಸುತ್ತಿದ್ದುದು ಒಂದು ಸೂಜಿ. ಅವನು ಬಾಗಿಲು ತಟ್ಟಿದೊಡನೆ ಪಕ್ಕದ ಕಿಟಕಿಯ ಸರಳುಗಳ ನಡುವೆ ಹೆಂಡತಿಯ ಕೈ ಕಾಣಿಸಿಕೊಳ್ಳುತ್ತಿತ್ತು. ಬೆರಳುಗಳ ತುದಿಯಲ್ಲಿ ಸಣ್ಣ ಸೂಜಿ, ಜೊತೆಗೊಂದು ಗೇಣು ಬಿಳಿಯ ದಾರ. ಮೂರು ಅವಕಾಶ. ದಾರ ಪೋಣಿಸಿದರೆ ಅಗಳಿ ಸರಿಯುತ್ತಿತ್ತು, ಇಲ್ಲವಾದರೆ ಹೊರಗಿನ ಬೆಂಚು.

ಕುಡಿದ ಬಾಯಿಯ ವಾಸನೆಯನ್ನು ಪೆಪ್ಪರಮಿಂಟು ಮುಚ್ಚುತ್ತದೆ, ತೊದಲನ್ನು ಅಭ್ಯಾಸ ತಿದ್ದುತ್ತದೆ, ಬೆರಳು ಮಾತ್ರ ಸುಳ್ಳು ಹೇಳಲಾರದು. ಗಡಿಯಾರ ರಿಪೇರಿ ಮಾಡುವವನೊಡನೆ ಇಪ್ಪತ್ತಾರು ವರ್ಷ ಬಾಳಿದವಳು ಕಂಡುಕೊಂಡ ಸತ್ಯ ಅದು. ಪರೀಕ್ಷೆ ಆರಂಭವಾದ ದಿನವೇ ಅವಳು ತರಕಾರಿಯ ದರ ಹೇಳುವಷ್ಟು ಶಾಂತವಾಗಿ ಹೇಳಿದ್ದಳು: "ನೋಡ್ರೀ, ಇನ್ನೊಂದೇ ಒಂದು ದಿನ ನೀವು ಆ ಬೆಂಚಿನ ಮೇಲೆ ಮಲಗಿದ್ರೂ, ಬೆಳಿಗ್ಗೆ ನಾನು ಅಕ್ಕನ ಮನೆಗೆ. ಆಮೇಲೆ ಕರೆಯೋಕೆ ಬರಬೇಡಿ." ಮಂಚದ ಕೆಳಗೆ ಅವಳ ಸೂಟ್‌ಕೇಸು ಅಂದಿನಿಂದ ಸಿದ್ಧವಾಗಿಯೇ ಇತ್ತು.

ಇನ್ನೂರ ಹದಿಮೂರನೆಯ ದಿನ ಬೆಳಿಗ್ಗೆ, ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಕಲಿಸುವ ಪ್ರೊಫೆಸರಮ್ಮನಿಂದ ಅವನಿಗೆ ಕರೆ ಬಂತು. ಅವರ ಪ್ರಯೋಗಶಾಲೆಯಲ್ಲಿ ಒಂದೇ ಮುಳ್ಳಿನ ವಿಚಿತ್ರ ಗಡಿಯಾರವೊಂದು ಇತ್ತು. ಮುಳ್ಳು ಮೂರು ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸಬೇಕು, ಅದೀಗ ಕುಂಟುತ್ತಿತ್ತು. ಗಡಿಯಾರದವನು ಹಿಂಬದಿಯನ್ನು ಬಿಚ್ಚಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿದ. ಚಿಮುಟ ಚಕ್ರವನ್ನು ಮುಟ್ಟುವ ಮುನ್ನ ಉಸಿರನ್ನು ಪೂರ್ತಿ ಹೊರಬಿಟ್ಟ, ಎದೆಯ ಒಂದು ಬಡಿತ ದಾಟಿಹೋಗುವವರೆಗೆ ಸುಮ್ಮನಿದ್ದ, ಆಮೇಲೆ ಮುಟ್ಟಿದ. ಎದೆ ಬಡಿದಾಗ ಬೆರಳೂ ಕೂದಲೆಳೆಯಷ್ಟು ಅಲುಗುತ್ತದೆ, ಆದ್ದರಿಂದ ಎರಡು ಬಡಿತಗಳ ನಡುವಿನ ಬಿಡುವಿನಲ್ಲೇ ಕೆಲಸ ಮಾಡಬೇಕೆಂಬುದು ಅಪ್ಪ ಕಲಿಸಿದ ಪಾಠ. ಆ ಅಪ್ಪ ಸಂಜೆ ಐದರವರೆಗೆ ಮಹಾ ಕುಶಲಿ. ಐದರ ಮೇಲೆ ಯಾರಾದರೂ ಹೆಗಲು ಕೊಟ್ಟು ಮನೆಗೆ ತಲುಪಿಸಬೇಕಿತ್ತು.

"ಸರಿಹೋಯ್ತಾ ಅಂತ ನೋಡೋಕೆ ಒಂದು ತಲೆ ಬೇಕಲ್ಲ," ಎಂದರು ಪ್ರೊಫೆಸರಮ್ಮ. "ನಿಮ್ಮದು ಕೊಡ್ತೀರಾ?"

"ಖಾಲಿನೇ ಇದೆ, ತಗೊಳ್ಳಿ. ವಾಪಸ್ ಕೊಟ್ರೆ ಸಾಕು."

ತಂತಿಗಳ ಟೋಪಿಯೊಂದು ಅವನ ತಲೆಗೇರಿತು. ಮನಸ್ಸಾದಾಗ ಗುಂಡಿ ಒತ್ತಬೇಕು. ಒತ್ತಬೇಕೆಂದು ಅನ್ನಿಸಿದ ಗಳಿಗೆಗೆ ಮುಳ್ಳು ಎಲ್ಲಿತ್ತೆಂದು ಹೇಳಬೇಕು, ಅಷ್ಟೆ. ನಲವತ್ತು ಸಲ ಒತ್ತಿದ ಮೇಲೆ ಅವರು ಪರದೆಯನ್ನು ಅವನ ಕಡೆ ತಿರುಗಿಸಿದರು.

"ನಿಮಗೆ ಅನ್ನಿಸಿದ್ದು ಇಲ್ಲಿ. ಆದ್ರೆ ತಲೆಯೊಳಗಿನ ಕೆಲಸ ತೋರಿಸೋ ಈ ಗೆರೆ ಏರೋಕೆ ಶುರುವಾಗಿದ್ದು ನೋಡಿ, ಅದಕ್ಕೂ ಮುಂಚೆ, ಇಲ್ಲಿ."

"ಅಂದ್ರೆ?"

"ನೀವು ಹೊರಡೋಣ ಅನ್ನೋ ಮುಂಚೆನೇ ಗಾಡಿ ಹೊರಟಿರುತ್ತೆ."

"ಹಂಗಾದ್ರೆ ಅದರಲ್ಲಿ ನಾನ್ಯಾರು?"

"ಓಡೋ ಗಾಡಿಗೆ ಹತ್ತಿ, 'ನಾನೇ ಹೊರಡಿಸಿದ್ದು' ಅಂತ ಜಂಭ ಕೊಚ್ಚಿಕೊಳ್ಳೋ ಪ್ರಯಾಣಿಕ. ಕೆಲವರು ಹಾಗಂತಾರಪ್ಪ." ಅವರು ನಕ್ಕರು.

ಅವನಿಗೆ ನಗು ಬರಲಿಲ್ಲ. ಇನ್ನೂರ ಹನ್ನೆರಡು ಸಂಜೆ, ಹೆಂಡದಂಗಡಿಯಿರುವ ಬೀದಿಯ ಮೂಲೆಯಲ್ಲಿ ನಿಂತು, ಅವನು ಒಂದೇ ಶಬ್ದವನ್ನು ತನಗೆ ತಾನೇ ಹೇಳಿಕೊಂಡಿದ್ದ: ಬೇಡ. ಅವನ ಸ್ವಂತದ್ದೆಂದು ಹೇಳಿಕೊಳ್ಳಲು ಲೋಕದಲ್ಲಿ ಇದ್ದದ್ದು ಅದೊಂದೇ. ಅದೂ ತನ್ನದಲ್ಲವಾದರೆ, ಗಾಡಿ ತಾನೇ ಮನೆಯತ್ತ ಹೊರಟಿತ್ತೆಂದಾದರೆ, ಇಂದು ಅದು ಇನ್ನೊಂದು ಕಡೆ ಹೊರಟರೆ ಹಿಡಿದುಕೊಳ್ಳಲು ಏನಿದೆ?

"ಹೊರಟ ಗಾಡೀನ ನಿಲ್ಲಿಸೋಕಾಗಲ್ವಾ, ಅಮ್ಮಾ?"

ಪ್ರೊಫೆಸರಮ್ಮ ಈಗ ನಗಲಿಲ್ಲ. ಮೇಜಿನ ಮೇಲೆ ಕೆಂಪು ದೀಪವೊಂದನ್ನು ತಂದಿಟ್ಟರು. ತಲೆಯೊಳಗಿನ ಗೆರೆ ಏರತೊಡಗಿದ್ದನ್ನು ಯಂತ್ರ ಗುರುತಿಸಿದೊಡನೆ ದೀಪ ಹತ್ತುತ್ತದೆ, ಹತ್ತಿದರೆ ಒತ್ತಬಾರದು. ಮೊದಲ ಆರು ಸಲವೂ ದೀಪ ಹತ್ತಿತು, ಬೆರಳೂ ಒತ್ತಿತು. ಏಳನೆಯ ಸಲ ಅವನು ಮುಂಚಿತವಾಗಿ ಉಸಿರನ್ನು ಹೊರಬಿಟ್ಟು, ಚಕ್ರದ ಮುಂದೆ ಕೂತಂತೆ ಕೂತ. ದೀಪ ಹತ್ತಿತು. ಬೆರಳು ಗುಂಡಿಯ ಮೇಲೆ, ಬಿದ್ದೇ ಬಿಡುವಂತಿದ್ದು, ಬೀಳಲಿಲ್ಲ.

"ಇಪ್ಪತ್ತಕ್ಕೆ ಹನ್ನೊಂದು ನಿಲ್ಲಿಸಿದ್ರಿ," ಎಂದರು ಅವರು ಕೊನೆಗೆ.

"ಪಾಸಾ?"

"ಇದರಲ್ಲಿ ಪಾಸು ಫೇಲು ಇಲ್ಲ. ಆ ತಡೆಯೋದು ಕೂಡ ಮುಂಚೇನೇ ಶುರುವಾಗಿತ್ತು ಅನ್ನೋರಿದ್ದಾರೆ. ಈ ಜಗಳ ನಮ್ಮ ಮುತ್ತಜ್ಜಿ ಮುತ್ತಜ್ಜಿಗಿಂತ ಹಳೇದು, ನನ್ನ ಕಾಲಕ್ಕಂತೂ ಮುಗಿಯಲ್ಲ."

ಸಂಜೆ ಅಂಗಡಿಯ ಶಟರು ಎಳೆಯುವಾಗ ಪಕ್ಕದಂಗಡಿಯ ದರ್ಜಿ ಎಂದಿನಂತೆ ಹಾಜರಾದ. ಹಳೆಯ ಗೆಳೆಯ, ಹಳೆಯ ಗ್ಲಾಸಿನ ಜೊತೆಗಾರ. ಗಡಿಯಾರದವನು ಬೆಳಗಿನ ಕಥೆಯನ್ನೆಲ್ಲ ಹೇಳಿದ. ದರ್ಜಿ ಕೈಚಪ್ಪಾಳೆ ತಟ್ಟಿದ.

"ನಾನು ಮೂವತ್ತು ವರ್ಷದಿಂದ ಬಡ್ಕೊಂಡಿದ್ದನ್ನ ಕೊನೆಗೂ ಒಂದು ಮೆಷಿನ್ ಒಪ್ಕೊಂತಲ್ಲಪ್ಪಾ! ದೇವರು ಬಟ್ಟೆ ಕತ್ತರಿಸಿಯೇ ಕಳಿಸಿರ್ತಾನೆ ಕಣೋ, ನಮ್ಮದೇನಿದ್ರೂ ಹೊಲಿಗೆ. ನಿಮ್ಮ ತಾತ ಕುಡಿದ, ನಿಮ್ಮಪ್ಪ ಕುಡಿದ, ನೀನ್ಯಾವನೋ ಅಳತೆ ಬದಲಾಯಿಸೋಕೆ? ನಡಿ, ಈ ಖುಷಿಗೆ ಒಂದೇ ಒಂದು."

ಹೆಂಡದಂಗಡಿಯ ಮೂಲೆ ಬಂತು. ಮೂರು ಮೆಟ್ಟಿಲು, ಅದರಾಚೆ ಹಳದಿ ಬೆಳಕು, ಗಾಜಿಗೆ ಗಾಜು ತಾಗುವ ಸದ್ದು. ಅವನೇನೂ ನಿರ್ಧರಿಸಿರಲಿಲ್ಲ. ಆದರೆ ಕಣ್ಣು ಕೆಳಗಿಳಿದಾಗ ಅವನ ಎಡಗಾಲು ಆಗಲೇ ಮೊದಲ ಮೆಟ್ಟಿಲ ಮೇಲಿತ್ತು. ಬೆಳಗಿನ ಮಾತು ನಿಜವಾಗಿತ್ತು, ಗಾಡಿ ಹೊರಟುಬಿಟ್ಟಿತ್ತು. ಕೆಂಪು ದೀಪ ಇಲ್ಲಿರಲಿಲ್ಲ. ಆ ದೀಪವನ್ನು ಅವನೇ ಹೊತ್ತಿಸಿಕೊಳ್ಳಬೇಕಾಯಿತು.

ಉಸಿರನ್ನು ಪೂರ್ತಿ ಹೊರಬಿಟ್ಟ. ಎದೆ ಒಮ್ಮೆ ಬಡಿಯಿತು. ಕುಡಿತವೂ ಅಪ್ಪನದೇ, ಈ ಬಿಡುವೂ ಅಪ್ಪನದೇ ಎಂಬುದು ಆ ಕ್ಷಣದಲ್ಲಿ ಅವನಿಗೆ ಹೊಳೆಯಿತು. ಅಪ್ಪ ಒಂದೇ ಗೂಟಕ್ಕೆ ಎರಡು ಕೋಟುಗಳನ್ನು ನೇತುಹಾಕಿ ಹೋಗಿದ್ದ. ಕೋಟುಗಳನ್ನು ತಾನು ಹೊಲಿಸಿಕೊಂಡಿರಲಿಲ್ಲ ನಿಜ, ಆದರೆ ಯಾವ ಕೋಟಿಗೆ ಕೈ ಚಾಚಬೇಕೆಂದು ಆರಿಸಬೇಕಾದವನು ಅಪ್ಪನಲ್ಲ, ತಾನು. ಅವನು ಕಾಲನ್ನು ಕೆಳಗಿಳಿಸಿದ.

"ಯಾಕೋ? ಹಣೇಲಿ ಬರೆದಿರೋದು ಬಿಡುತ್ತೇನೋ?"

"ಏನು ಬರೆದಿದೆಯೋ ನನಗೆ ಓದೋಕೆ ಬರಲ್ಲ, ಮಾರಾಯ. ಇಪ್ಪತ್ತಕ್ಕೆ ಹನ್ನೊಂದು ನನ್ನ ಕೈಲಿದೆ. ಅಷ್ಟರಲ್ಲೇ ಮನೆ ಸೇರ್ಕೋತೀನಿ."

"ಮಿಕ್ಕ ಒಂಬತ್ತು?"

"ಅದನ್ನ ನೀನು ಕುಡಿ."

ಮನೆಯವರೆಗೂ ಅವನು ಬೇಗಬೇಗ ನಡೆದ. ಆದರೆ ಕಿಟಕಿಯ ಮುಂದೆ ನಿಂತು ಸೂಜಿ ಹಿಡಿದಾಗ ಕೈ ನಡುಗುತ್ತಿತ್ತು. ಮೆಟ್ಟಿಲ ಮೇಲೆ ತಡೆಹಿಡಿದದ್ದೆಲ್ಲ ಈಗ ಬೆರಳಿಗಿಳಿದಿತ್ತು. ಮೊದಲ ಸಲ ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಎರಡನೆಯ ಸಲ ಬಾಗಿತು. ಮೂರನೆಯ ಸಲ ತುದಿ ಸೂಜಿಯ ಕಣ್ಣಿಗೆ ತಾಗಿ, ಎಳೆ ಸೀಳಿ, ಹಿಂದೆ ಬಂತು.

ಒಳಗಿನಿಂದ ಅವಳ ದನಿ ಬಂತು, "ಮೂರಾಯ್ತು."

"ನಾನು ಕುಡಿದಿಲ್ಲ ಕಣೇ."

"ಬೆರಳು ಬೇರೆ ಹೇಳ್ತಿದೆಯಲ್ಲ."

ದಿನವಿಡೀ ಕಣ್ಣು ಕೀಲಿಸಿ ದಣಿದೆನೆಂದು ಅವನು ಹೇಳಬಹುದಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಒಂದು ಬಡಿತ ತಡೆದ.

"ಹೆಂಡದಂಗಡಿ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ತೆಗೆದೆ. ಅದಕ್ಕೇ ನಡುಗ್ತಿದೆ."

"ಎಷ್ಟು ಕಾಲು?"

"ಒಂದೇ. ಎಡಗಾಲು."

ಕಿಟಕಿಯೊಳಗಿನ ಕತ್ತಲಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಸರಳಿನ ಮೇಲಿದ್ದ ಕೈ ಹಿಂದೆ ಸರಿಯಲೂ ಇಲ್ಲ.

"ಬಾಗಿಲು ತೆಗೀಬೇಡ," ಎಂದ ಅವನು. "ಬೆಂಚಿನ ಮೇಲೂ ಮಲಗಲ್ಲ ನಾನು. ಇಲ್ಲೇ ನಿಂತಿರ್ತೀನಿ. ಎಷ್ಟು ಹೊತ್ತಾದ್ರೂ ಸರಿ, ಇದನ್ನ ಪೋಣಿಸೇ ಒಳಗೆ ಬರೋದು."

ದಾರದ ಸೀಳಿದ ತುದಿಯನ್ನು ತುಟಿಯಿಂದ ಒದ್ದೆ ಮಾಡಿ, ಹೊಸೆದು, ಮೊನೆ ಮಾಡಿದ. ಉಸಿರು ಹೊರಬಿಟ್ಟ. ಬಡಿತ ದಾಟಿತು. ಆ ಬಿಡುವಿನಲ್ಲಿ ಒಳಗೆಲ್ಲೋ ಅಗಳಿ ಸರಿದ ಸದ್ದು ಕೇಳಿದಂತಾಯಿತು. ದಾರ ಸೂಜಿಯ ಕಣ್ಣಿನ ಆಚೆಗಿತ್ತು.

ಅವಳು ಬಾಗಿಲಲ್ಲಿ ನಿಂತಿದ್ದಳು.

"ಯಾವಾಗ ತೆಗ್ದೆ?" ಕೇಳಿದ ಅವನು. "ಪೋಣಿಸಿದ ಮೇಲಾ, ಮುಂಚೆನಾ?"

"ತೆಗೀಬೇಕು ಅನ್ನಿಸ್ತು, ತೆಗ್ದೆ. ಅದಕ್ಕೆಲ್ಲ ಗಡಿಯಾರ ಹಿಡ್ಕೊಂಡು ನಿಂತಿರ್ತಾರೇನ್ರೀ? ಕೈಕಾಲು ತೊಳ್ಕೊಳ್ಳಿ, ಊಟ ಆರ್ತಿದೆ." ಒಂದು ಹೆಜ್ಜೆ ಒಳಗೆ ಹೋಗಿ ತಿರುಗಿದಳು. "ಎಡಗಾಲು ಚೆನ್ನಾಗಿ ತೊಳೀರಿ."

ಅವನು ಸೂಜಿಯನ್ನು ಕಿಟಕಿಯ ಚೌಕಟ್ಟಿಗೆ ಚುಚ್ಚಿಡಲು ಹೋಗಿ, ಬೆಳಕಿಗೆ ಹಿಡಿದು, ಕೆಲಸದವನ ಕಣ್ಣಿನಿಂದ ಒಮ್ಮೆ ನೋಡಿದ.

"ನಾಳೆ ಇದಕ್ಕಿಂತ ಸಣ್ಣದಿಡು," ಎಂದ.