ಬಾಲದಲ್ಲಿ ಉಳಿದ ಕಲ್ಲು

ತೀರಿಕೊಂಡ ಸೂಗಪ್ಪ ಮಾಸ್ತರರನ್ನು ಪಡಸಾಲೆಯ ಗೋಡೆಗೆ ಕುಳ್ಳಿರಿಸಿ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ, ಭಂಕೂರದ ಕಲ್ಲುಕುಟಿಗ ಬಂದೇಅಲಿ ಬಂದು ಪಕ್ಕದಲ್ಲಿದ್ದ ಮೊಳದುದ್ದದ ಕಲ್ಲನ್ನು ಎತ್ತಿಕೊಂಡ. ಐದು ವರ್ಷದ ಹಿಂದೆ ಪತ್ರಿಕೆಯ ಚಿತ್ರ ನೋಡಿ ಅವನೇ ಕೆತ್ತಿಕೊಟ್ಟ, ಆಕಾಶದಲ್ಲಿ ತೇಲುವ ಗಾಳಿಹಡಗಿನ ಮಾದರಿ ಅದು.

"ಇದು ಇನ್ನೂ ಹಂಗೇ ಅದಲ್ಲವ್ವ," ಅಂದ, ಮಾಸ್ತರರ ಮಗಳು ಗುರುದೇವಿಗೆ. "ತಿಕ್ಕುವಾಗ ಬಾಲ ಮುರೀಬಾರ್ದಂತ ಒಂದು ಬೆರಳು ದಪ್ಪ ಕಲ್ಲು ಹೆಚ್ಚಿಗಿ ಬಿಟ್ಟಿದ್ದೆ. ನಾವು ಯಾವಾಗ್ಲೂ ಬಿಡ್ತೀವಿ. ಮಾಸ್ತರು ತಿಕ್ಕಸ್ಲಿಕ್ಕ ತರಲೇ ಇಲ್ಲ."

ಗುರುದೇವಿಯ ಅಳು ಗಕ್ಕನೆ ನಿಂತಿತು.

*

ಹಡಗಿನ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ನೋಡಲು ಆ ಕಲ್ಲನ್ನು ಗಣಿಯ ಕಾಲುವೆಯಲ್ಲಿ ಮುಳುಗಿಸಿ ಕುಂಕುಮದ ನೀರು ಬಿಟ್ಟ ದಿನ, ಐವತ್ತು ದಾಟಿದ ಮಾಸ್ತರರು ಕುಣಿದಾಡಿಬಿಟ್ಟಿದ್ದರು. ಕೆಂಪು ಎಳೆಗಳು ಮೂತಿಯ ಬಳಿ ಕವಲೊಡೆದು ಬಾಲದ ಹಿಂದೆ ಕೂಡುತ್ತಿದ್ದವು.

"ಮೂತಿ ಎಷ್ಟು ನೀರು ಹೊರಗ ನೂಕ್ತದೋ ಬಾಲ ಅಷ್ಟೂ ಒಳಗ ತಗೋಬೇಕವ್ವ. ಕೂಡಿ ಕಳದ್ರ ಸೊನ್ನಿ ಬರಬೇಕು," ಅಂದಿದ್ದರು ಮಗಳಿಗೆ.

ಕಲ್ಲಿನ ಸುತ್ತಳತೆಯನ್ನು ಬೆರಳಗಲಕ್ಕೊಂದರಂತೆ ದಾರದಿಂದ ಅಳೆದು, ಅಪ್ಪ ಮಗಳು ಸಮೀಕರಣ ಹೂಡಿದರು. ಸೊನ್ನೆ ಬರಲಿಲ್ಲ. ಐದು ವರ್ಷ ಬಿಡಿಸಿದರೂ ಚೂರು ಶೇಷ ಉಳಿಯುತ್ತಲೇ ಇತ್ತು. ಶಾಲೆಯ ಉಳಿದ ಮಾಸ್ತರರಿಗೆ ನಗಲು ಅಷ್ಟು ಸಾಕಾಗಿತ್ತು. ತಮ್ಮ ಗಣಿತವೇ ಸುಳ್ಳೆಂದು ನಂಬಿ ಸೂಗಪ್ಪ ಮಾಸ್ತರರು ನಿನ್ನೆ ಕಣ್ಣು ಮುಚ್ಚಿದ್ದರು. ಕಲ್ಲಿನ ಮೇಲೆ ಅನುಮಾನ ಪಡಬಹುದೆಂದು ಆ ಪುಣ್ಯಾತ್ಮನಿಗೆ ಹೊಳೆದಿರಲೇ ಇಲ್ಲ.

*

ಗುರುದೇವಿ ನೋಟುಬುಕ್ಕು ಹಿಡಿದು ಅಡುಗೆಮನೆ ಹೊಕ್ಕಳು. ಅಪ್ಪನ ಹೆಣದ ಮುಂದೆ ಪೆನ್ಸಿಲು ಹಿಡಿಯುವ ಹೆಣ್ಣನ್ನು ಎಲ್ಲೂ ಕಂಡಿಲ್ಲವೆಂದು ಸೋದರತ್ತೆ ಶಿವಕಾಂತಮ್ಮ ಬೈದದ್ದು ಅವಳ ಕಿವಿಗೆ ಬೀಳಲಿಲ್ಲ. ಹೆಚ್ಚಿಗೆ ಉಳಿದ ಕಲ್ಲನ್ನು ಅಳತೆಯಿಂದ ಕಳೆದು ಲೆಕ್ಕ ಹೊಸದಾಗಿ ಹೂಡಿದಳು. ಬಾಲದ ನಾಲ್ಕು ಅಳತೆ ತಿದ್ದಿದರೆ ಮುಗಿಯುವಂತಿರಲಿಲ್ಲ. ಒಂದು ಸಾಲು ಅಲುಗಿದರೆ ಎಲ್ಲ ಸಾಲೂ ಅಲುಗುತ್ತಿದ್ದವು. ಹೊರಗೆ ಭಜನೆ ಎದ್ದಿತು, ಓಣಿ ದಾಟಿತು, ದೂರವಾಯಿತು. ಸಾಲಿನಿಂದ ಸಾಲಿಗೆ ಶೇಷ ಸಣ್ಣದಾಗುತ್ತಿತ್ತು. ಕೊನೆಯ ಸಾಲಿನಲ್ಲಿ ಏನೂ ಉಳಿಯಲಿಲ್ಲ.

ಬರಿಗಾಲಲ್ಲಿ ಓಡಿದಳು. ಇಷ್ಟು ಖುಷಿ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ, ಅದೂ ಇಂಥ ದಿನ.

ಮಾಸ್ತರರನ್ನು ಸಮಾಧಿಯ ಕುಣಿಯೊಳಗೆ ಕುಳ್ಳಿರಿಸಿಯಾಗಿತ್ತು. ಮಣ್ಣು ಎಳೆಯಲು ಸನ್ನೆ ಕೊಡಲೆಂದು ಮಡಿವಾಳಯ್ಯ ಸ್ವಾಮಿಗಳು ಕೈ ಎತ್ತಿದ್ದರು.

"ತಡೀರಿ ಅಯ್ಯನೋರೆ," ಅಂದಳು ಏದುಸಿರಲ್ಲಿ. "ಸೊನ್ನಿ ಬಂತ್ರಿ. ಅಪ್ಪಂದು ತಪ್ಪಿರಲಿಲ್ಲ."

ಸ್ವಾಮಿಗಳಿಗೆ ತಿಳಿಯಿತೋ ಇಲ್ಲವೋ, ಎತ್ತಿದ ಕೈ ಇಳಿಸಿದರು. ಗುರುದೇವಿ ಕುಣಿಗಿಳಿದು, ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು, ಮೊದಲ ಸಾಲಿನಿಂದ ಲೆಕ್ಕ ಓದತೊಡಗಿದಳು. ಮೇಲೆ ಜನ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತೇ ಇದ್ದರು.