ಕಾಲಡಿಯ ಒದ್ದೆ

ಉತ್ತರದ ಹಿಮನಾಡಿನ ಕಾಯಾನಿ ಊರಿನ ಕಡೆ ಚಳಿಗಾಲದಲ್ಲಿ ಕಾರಿನೊಳಗೆ ಕಾಲಡಿ ಒದ್ದೆ ಎಂದು ಯಾರಾದರೂ ದೂರಿದರೆ ಜನ ಅವರನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಒದ್ದೆಯಾಗದೆ ಇನ್ನೇನು? ಬೂಟಿಗೆ ಅಂಟಿದ ಹಿಮ ಒಳಗೆ ಬಂದು ಕರಗುತ್ತದೆ, ರಬ್ಬರ್ ಮ್ಯಾಟ್ ಎತ್ತಿ ನೀರು ಚೆಲ್ಲಿದರೆ ಮುಗಿಯಿತು. ತುಯಾ ಕೂಡ ನವೆಂಬರಿನಿಂದ ಅದನ್ನೇ ಮಾಡುತ್ತಿದ್ದಳು. ಚೆಲ್ಲಿದಾಗಲೆಲ್ಲ ಗಂಡ ವೇಸನಿಗೆ ಬೈಯುತ್ತಿದ್ದಳು, ಯಾಕೆಂದರೆ ಒದ್ದೆಯಾಗುತ್ತಿದ್ದದ್ದು ಅವಳ ಪಕ್ಕದಲ್ಲಿ ಅವನು ಕೂರುವ ಸೀಟಿನ ಕಡೆ ಮಾತ್ರ.

ಕಾರು ಅವಳ ಅಣ್ಣ ರೈಮೊನದು. ಹೊಸದಾಗಿ ಕೊಂಡವನೂ ಅವನೇ, ಇಷ್ಟು ವರ್ಷ ಓಡಿಸಿದವನೂ ಅವನೇ, ಸೆಪ್ಟೆಂಬರಿನಲ್ಲಿ ತಂಗಿಗೆ ಮಾರಿದವನೂ ಅವನೇ. "ಎಲ್ಲೂ ಒಂದು ಹನಿ ಸೋರಲ್ಲ ಹುಡುಗಿ," ಎಂದು ಬಾನೆಟ್ ತಟ್ಟಿ ಕೀಲಿ ಕೊಟ್ಟಿದ್ದ. ಅವಳಿಗೆ ಸೈಕಲ್ ಕಲಿಸಿದವನು, ಸ್ಪಾನರ್ ಹಿಡಿಯುವುದನ್ನು ಕಲಿಸಿದವನು ಹೇಳಿದ ಮಾತು. ಅದಕ್ಕಿಂತ ದೊಡ್ಡ ಗ್ಯಾರಂಟಿ ತುಯಾಳಿಗೆ ಲೋಕದಲ್ಲಿ ಇರಲಿಲ್ಲ.

ಪ್ರತಿ ಭಾನುವಾರ ಅವಳು ಅಣ್ಣನಿಗೆ ಫೋನ್ ಮಾಡಿ ಗಂಡನ ಪುರಾಣ ಬಿಚ್ಚುತ್ತಿದ್ದಳು. ಆ ಕಡೆ ಒದ್ದೆ ಆರುವುದೇ ಇಲ್ಲ, ಗಾಜು ಮಂಜು ಹಿಡಿಯುತ್ತದೆ, ಇವನಿಗೆ ಬೂಟು ಕೊಡವಲು ಬರುವುದಿಲ್ಲ. ರೈಮೊ ಹೊಟ್ಟೆ ಹಿಡಿದು ನಗುತ್ತಿದ್ದ. ಆ ಆನೆಹೆಜ್ಜೆಯವನಿಗೆ ಬೂಟು ಬಿಚ್ಚಿಸಿಯೇ ಕೂರಿಸು ಎಂದು ಉಪಾಯ ಹೇಳಿದವನೂ ಅವನೇ. ಅಂದಿನಿಂದ ಪಾಪ ವೇಸ ಅಂಥ ಕೊರೆಯುವ ಚಳಿಯಲ್ಲೂ ಉಣ್ಣೆಯ ಕಾಲುಚೀಲದಲ್ಲಿ, ಬೂಟನ್ನು ಚೀಲಕ್ಕೆ ಹಾಕಿ ಮಡಿಲಲ್ಲಿಟ್ಟುಕೊಂಡು ಕೂರತೊಡಗಿದ. ಕಾಲುಚೀಲವೂ ಒದ್ದೆಯಾಯಿತು. ತಾನು ಚೆನ್ನಾಗಿ ಕೊಡವಿಕೊಂಡೇ ಹತ್ತುತ್ತಿದ್ದೆ ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿದ. ಸುಳ್ಳು ಬೇರೆ ಹೇಳುತ್ತೀಯಾ ಎಂದು ಅವಳು ಬಾಯಿ ಮುಚ್ಚಿಸಿದಳು.

ಏಪ್ರಿಲ್ ಕೊನೆಗೆ ಹಿಮವೆಲ್ಲ ಕರಗಿ ರಸ್ತೆ ಒಣಗಿತು. ವೇಸ ಕೆಲಸದ ಮೇಲೆ ಔಲು ಪಟ್ಟಣಕ್ಕೆ ಹೋಗಿದ್ದ, ಆ ಸೀಟಿನಲ್ಲಿ ವಾರದಿಂದ ನರಪಿಳ್ಳೆಯೂ ಕೂತಿರಲಿಲ್ಲ. ಕಾರು ಗುಡಿಸಲು ಹೋದ ತುಯಾ ಮ್ಯಾಟಿನ ಕೆಳಗಿನ ಕಾರ್ಪೆಟ್ ಒತ್ತಿದಳು. ಬೆರಳ ಸಂದಿಯಲ್ಲಿ ನೀರು ಉಕ್ಕಿತು. ಉಜ್ಜಿದರೆ ಜಾರುತ್ತದೆ, ಮೂಸಿದರೆ ಸಿಹಿ ವಾಸನೆ. ಹಿಮದ ನೀರು ಜಾರುವುದಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಮುಂದಿನ ಗಾಜಿನ ಮೇಲೆ, ಬಾಗಿಲ ಸಂದಿಗೆ ಬಕೆಟ್ಟುಗಟ್ಟಲೆ ನೀರು ಸುರಿದಳು. ಒಳಗೆ ಒಂದು ಹನಿಯೂ ಬರಲಿಲ್ಲ. ಆಮೇಲೆ ಎಂಜಿನ್ ಶುರು ಮಾಡಿ, ಹೀಟರನ್ನು ಪೂರ್ತಿ ತಿರುಗಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಅಡುಗೆಮನೆಯ ಬಿಳಿ ಕಾಗದ ತುರುಕಿ ಕಾದಳು. ಎಂಜಿನ್ ಬಿಸಿಯಾದಂತೆ ಕಾಗದದ ಒಂದು ಮೂಲೆ ಹಸಿರಾಯಿತು. ಹೆಪ್ಪುಗಟ್ಟದಂತೆ ಹಸಿರು ದ್ರವ ಬೆರೆಸಿದ ಎಂಜಿನ್ನಿನ ಬಿಸಿನೀರು ಹೀಟರಿಗೆ ಬಂದು ಹೋಗುವ ಜಾಗ ಅದು. ಸೋರುತ್ತಿದ್ದದ್ದು ಹೀಟರ್. ಹಳೆಯ ಕಾರು, ಪಾಪ ಅಣ್ಣನಿಗೇನು ಗೊತ್ತು ಎಂದುಕೊಂಡಳು.

ಎಷ್ಟು ನೀರು ಕಮ್ಮಿಯಾಗಿದೆ ನೋಡೋಣವೆಂದು ಎಂಜಿನ್ ಆರಿದ ಮೇಲೆ ಅದರ ನೀರಿನ ಟ್ಯಾಂಕಿನ ಮುಚ್ಚಳ ತೆಗೆದಳು. ಮುಚ್ಚಳದ ಒಳಗೆ ಹಳದಿ ಗಸಿ ಮೆತ್ತಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದಳು. ಸಾಸಿವೆ.

ಅವರಪ್ಪ ಮಾಡುತ್ತಿದ್ದ ಕೆಲಸ ಅದು. ಸೋರುವ ಕಾರಿನ ನೀರಿಗೆ ಸಾಸಿವೆ ಪುಡಿ ಹಾಕಿದರೆ ಅದು ಉಬ್ಬಿ ತೂತು ಕಟ್ಟುತ್ತದೆ, ಒಂದಷ್ಟು ವಾರ ತಡೆಯುತ್ತದೆ. ಮಾರುವುದಕ್ಕೆ ಅಷ್ಟು ಸಾಕು ಎಂದು ಅಪ್ಪ ಕಣ್ಣು ಹೊಡೆಯುತ್ತಿದ್ದ, ಅಣ್ಣ ತಂಗಿ ಇಬ್ಬರೂ ನಗುತ್ತಿದ್ದರು. ತುಯಾ ಗ್ಯಾರೇಜಿನ ನೆಲದ ಮೇಲೇ ಕೂತು ಅತ್ತಳು. ಮೋಸ ಹೋದದ್ದಕ್ಕಿಂತ, ಮೋಸ ಮಾಡಿದವನು ಯಾರು ಎನ್ನುವುದಕ್ಕೇ ಹೆಚ್ಚು ಅತ್ತಳು.

ರೈಮೊನ ಮನೆಯಲ್ಲಿ ಅತ್ತಿಗೆ ಅನ್ನೆಲಿ ಎಂದಿನಂತೆ ಅವಳ ಮುಂದಿನ ಕಪ್ಪಿಗೆ ಕಾಫಿ ಬಗ್ಗಿಸಿದಳು. ತುಯಾ ಮುಚ್ಚಳವನ್ನು ಮೇಜಿನ ಮೇಲಿಟ್ಟಳು. ರೈಮೊ ಅದನ್ನು ನೋಡಿದ, ಕಿಟಕಿಯ ಕಡೆ ತಿರುಗಿದ. ಆಗ ತೂತು ಸಣ್ಣದಿತ್ತು, ಚಳಿಗಾಲ ಕಳೆಯುತ್ತದೆ ಅಂದುಕೊಂಡಿದ್ದೆ ಎಂದು ಗೊಣಗಿದ.

"ಹೊಸ ಹೀಟರ್ ನಾನೇ ಹಾಕ್ಕೋತೀನಿ, ಅದಕ್ಕೆ ಬಂದಿಲ್ಲ," ಎಂದಳು ತುಯಾ. "ವಾರ ವಾರ ಫೋನಲ್ಲಿ ವೇಸನ್ನ ಬೈತಿದ್ದೆ. ಅವನದೇನೂ ತಪ್ಪಿಲ್ಲ ಅಂತ ನಿಂಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಜೊತೆ ನಗ್ತಿದ್ದೆಯಲ್ಲೋ."

ರೈಮೊ ಕಾಫಿ ಕಲಕಿದ. "ಮತ್ತೆ ಯಾರಿಗೆ ಮಾರ್ಲಿ ಹೇಳು? ಬೇರೆಯವರಾಗಿದ್ರೆ ಎಲ್ಲಾ ಬಿಚ್ಚಿ ನೋಡೋರು. ನೀನು ನೋಡಲ್ಲ ಅಂತ ಗೊತ್ತಿತ್ತು."

ಅನ್ನೆಲಿ ಗಂಡನ ಮುಖವನ್ನೇ ದಿಟ್ಟಿಸಿದಳು. ತುಯಾ ತುಂಬಿದ ಕಪ್ಪನ್ನು ಹಾಗೇ ಬಿಟ್ಟು ಎದ್ದಳು. ಬಗ್ಗಿಸಿದ ಕಾಫಿ ಮುಟ್ಟದೆ ಹೋಗುವುದು ಆ ಕಡೆ ಬೈಗುಳಕ್ಕಿಂತ ಹೆಚ್ಚು, ಅದು ರೈಮೊನಿಗೂ ಗೊತ್ತು. ಹೊಸ್ತಿಲ ಬಳಿ ಬಗ್ಗಿ ಅವಳು ಶೂ ಹಾಕಿಕೊಂಡಳು. ಅಣ್ಣ ಎದ್ದು ಬರಬಹುದೆಂದು ಲೇಸನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಒಳಗೆ ಅವನು, ನನ್ನ ಕಾಫಿ ಆರಿಹೋಯಿತು, ಬೇರೆ ಬಗ್ಗಿಸು ಎಂದು ಹೆಂಡತಿಗೆ ಹೇಳುವುದು ಕೇಳಿಸಿತು.